ಝೊಟೆರೊ, ಎಂಡ್‌ನೋಟ್, ಬಿಬ್‌ಟೆಕ್: ನಿಮ್ಮ ಲೇಖನಕ್ಕೆ ಯಾವುದು?
ಜರ್ನಲ್‌ಗೆ ಲೇಖನ ಕಳಿಸಬೇಕು, ರೆಫರೆನ್ಸ್ (ಆಧಾರವಾಗಿ ಬಳಸಿದ ಲೇಖನ, ಪುಸ್ತಕ) ಪಟ್ಟಿ ಮಾಡಿಕೊಡುವ ಈ ಮೂರು ತಂತ್ರಾಂಶಗಳಲ್ಲಿ ಯಾವುದು ಎಂದು ಕೇಳಿದ್ದೀರಿ. ಮೊದಲು ಹೇಳಿ, ಬರೆಯುವುದು ಯಾವುದರಲ್ಲಿ? ಲೇಟೆಕ್‌ನಲ್ಲಾದರೆ (ಕೋಡ್‌ನಂತೆ ಬರೆದು ಪುಟ ಜೋಡಿಸುವ ವ್ಯವಸ್ಥೆ) 1985ರ ಬಿಬ್‌ಟೆಕ್ ಇವತ್ತಿಗೂ ಸಲೀಸು. ಜರ್ನಲ್ ಕೊಡುವ ಸ್ಟೈಲ್ ಫೈಲ್ (ಪಟ್ಟಿ ಯಾವ ರೂಪದಲ್ಲಿರಬೇಕೆಂಬ ಸೂಚನೆ) ಹಾಕಿದರೆ ಪಟ್ಟಿ ತಾನಾಗಿ ಬರುತ್ತದೆ. ಆದರೆ ಒಂದು ಕಾಮಾ ಬಿಟ್ಟರೂ ಎರರ್ ಹುಡುಕುತ್ತಾ ಕೂರಬೇಕಾಗಬಹುದು! ವರ್ಡ್‌ನಲ್ಲಿ ಬರೆಯುವವರಿಗೆ ಇದು ಸುಮ್ನೆ ತಲೆನೋವು.

ವರ್ಡ್‌ಗೆ ಉಳಿದೆರಡೂ ಹೊಂದುತ್ತವೆ. ಝೊಟೆರೊ ಉಚಿತ; ಪಿಡಿಎಫ್‌ಗಳನ್ನು ಅವರ ಸರ್ವರ್‌ನಲ್ಲಿ ಇಡಲು ಮಾತ್ರ 300 ಎಂಬಿ ದಾಟಿದರೆ ದುಡ್ಡು. ಎಂಡ್‌ನೋಟ್ ಕೊಂಡೇ ಬಳಸಬೇಕು. ಸಂಸ್ಥೆಯೇ ಲೈಸೆನ್ಸ್ ಕೊಟ್ಟಿದ್ದರೆ, ಸಹಲೇಖಕರೂ ಅದರಲ್ಲೇ ಇದ್ದರೆ, ಅದನ್ನೇ ಹಿಡಿಯಿರಿ. ಒಂದೇ ಫೈಲನ್ನು ಒಬ್ಬರು ಝೊಟೆರೊದಲ್ಲಿ, ಇನ್ನೊಬ್ಬರು ಎಂಡ್‌ನೋಟ್‌ನಲ್ಲಿ ತಿದ್ದಿದರೆ ಎಲ್ಲಾ ಕಲಸುಮೇಲೋಗರ.

ಸ್ಟೈಲ್ ಬದಲಿಸುವುದು ಮೂರರಲ್ಲೂ ಸುಲಭ. ಎಪಿಎಯಲ್ಲಿದ್ದದ್ದು (ಲೇಖಕರ ಹೆಸರು, ವರ್ಷ ಕೊಡುವ ಸ್ಟೈಲ್) ವ್ಯಾಂಕೂವರ್ (ಅಂಕಿ ಕೊಡುವ ಸ್ಟೈಲ್) ಆಗಲು ಜಾಸ್ತಿ ಹೊತ್ತು ಬೇಡ. ಲೇಖನ ಒಂದು ಕಡೆ ತಿರಸ್ಕಾರವಾಗಿ ಬೇರೆ ಸ್ಟೈಲ್ ಕೇಳುವ ಜರ್ನಲ್‌ಗೆ ಕಳಿಸುವಾಗ ಇದರ ಬೆಲೆ ಗೊತ್ತಾಗುತ್ತದೆ, ಅಲ್ವಾ?

ಇರುವುದೇ ಹತ್ತು ರೆಫರೆನ್ಸ್, ಮುಂದೆ ಬರೆಯುವ ಯೋಚನೆಯೂ ಇಲ್ಲ ಎಂದರೆ ಕೈಯಲ್ಲೇ ಟೈಪ್ ಮಾಡಿ. ತಂತ್ರಾಂಶ ಬಳಸಿದರೆ, ವೆಬ್‌ನಿಂದ ಎಳೆದುಕೊಂಡ ಪ್ರತಿ ನಮೂದನ್ನೂ ಒಮ್ಮೆ ನೋಡಿ: ಕೆಲವೊಮ್ಮೆ ಪುಟಸಂಖ್ಯೆ ಬಿಟ್ಟಿರುತ್ತದೆ, ಲೇಖಕರ ಹೆಸರು ತಿರುಗುಮುರುಗಾಗಿರುತ್ತದೆ.