ಹಳೇ ಸ್ವಿಫ್ಟ್‌ಗೆ ಫೋನ್ ಜೋಡಿಸೋದು: ಎಫ್ಎಂ ಟ್ರಾನ್ಸ್‌ಮಿಟರ್‌ನಿಂದ ಆಂಡ್ರಾಯ್ಡ್ ಆಟೋವರೆಗೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರಿಗೆ ದೊಡ್ಡ ಸ್ಕ್ರೀನ್ ಹಾಕಿಸುವ ಆಸೆ ಇದ್ದರೆ, ಕಮ್ಮಿ ಬೆಲೆಯ ಆಂಡ್ರಾಯ್ಡ್ ಪೆಟ್ಟಿಗೆಗಿಂತ ಸುಮ್ನೆ ಆಂಡ್ರಾಯ್ಡ್ ಆಟೋ ಮತ್ತು ಕಾರ್‌ಪ್ಲೇ ತೋರಿಸುವ ಸ್ಟೀರಿಯೊ ಎಷ್ಟೋ ವಾಸಿ. ಮೊದಲನೆಯದು ತನ್ನೊಳಗೇ ಆಂಡ್ರಾಯ್ಡ್ ಇರುವ ಸ್ಟೀರಿಯೊ, ಎರಡನೆಯದು ಫೋನಿನ ಮ್ಯಾಪ್, ಹಾಡನ್ನು ಕಾರಿನ ಸ್ಕ್ರೀನ್ ಮೇಲೆ ತೋರಿಸುವಂಥದ್ದು (ಆಂಡ್ರಾಯ್ಡ್ ಫೋನಿಗೆ ಆಂಡ್ರಾಯ್ಡ್ ಆಟೋ, ಐಫೋನಿಗೆ ಕಾರ್‌ಪ್ಲೇ). ಅಷ್ಟು ಖರ್ಚು ಬೇಡ ಅಂದರೆ ಬ್ಲೂಟೂತ್ ರಿಸೀವರ್ ಸಾಕು. ಎಫ್ಎಂ ಟ್ರಾನ್ಸ್‌ಮಿಟರ್ ಬೇರೆ ದಾರಿಯೇ ಇಲ್ಲದವರಿಗೆ ಮಾತ್ರ.

ನಮ್ಮ ಮನೆಯದು 2009ರ ಸ್ವಿಫ್ಟ್, ಪೆಟ್ರೋಲ್. ಹದಿನೈದು ವರ್ಷ ಮುಗಿದ ಮೇಲೆ ಆರ್‌ಟಿಒದಲ್ಲಿ ಮರುನೋಂದಣಿ ಮಾಡಿಸಿದ್ದೇವೆ. ಇಂಜಿನ್ ಗಟ್ಟಿಯಾಗಿದೆ, ಮಾರುವ ಯೋಚನೆ ಇಲ್ಲ. ಸ್ಟೀರಿಯೊ ಮಾತ್ರ ಆ ಕಾಲದ್ದು: ಸಿಡಿ, ರೇಡಿಯೊ, ಒಂದು ಆಕ್ಸ್ (ಹೊರಗಿನ ಸಾಧನದ ದನಿಗೆ ವೈರ್ ಸಿಕ್ಕಿಸುವ ತೂತು), ಪೆನ್‌ಡ್ರೈವ್‌ಗೆ ಒಂದು ಯುಎಸ್‌ಬಿ. ಆ ಯುಎಸ್‌ಬಿಯಲ್ಲಿ ಫೋನ್ ಚಾರ್ಜ್ ಆಗುತ್ತದೆ ಅಂದುಕೊಳ್ಳಬೇಡಿ. ಇಂಥ ಹಳೇ ಪೋರ್ಟ್‌ಗಳು ಸಾಮಾನ್ಯವಾಗಿ ಅರ್ಧ ಆಂಪಿಯರ್ ಕೊಡುತ್ತವೆ, ಮ್ಯಾಪ್ ಓಡುತ್ತಿರುವ ಫೋನ್ ಅದಕ್ಕಿಂತ ಜಾಸ್ತಿ ಕುಡಿಯುತ್ತದೆ, ಹಾಗಾಗಿ ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೊರಟರೆ ದಾರಿಯುದ್ದಕ್ಕೂ ಚಾರ್ಜ್ ಇಳಿಯುತ್ತಲೇ ಇರುತ್ತದೆ.

ಎಫ್ಎಂ ಟ್ರಾನ್ಸ್‌ಮಿಟರ್ ಎಲ್ಲಕ್ಕಿಂತ ಅಗ್ಗ. ಲೈಟರ್ ಸಾಕೆಟ್‌ಗೆ ಸಿಕ್ಕಿಸಿದರೆ ಮುಗಿಯಿತು. ಫೋನಿನ ಹಾಡನ್ನು ಬ್ಲೂಟೂತ್‌ನಲ್ಲಿ ತೆಗೆದುಕೊಂಡು, 87.5ರಿಂದ 108 ಮೆಗಾಹರ್ಟ್ಸ್ ನಡುವೆ ನೀವು ಆರಿಸಿದ ಒಂದು ಜಾಗದಲ್ಲಿ ಪ್ರಸಾರ ಮಾಡುತ್ತದೆ, ಸ್ಟೀರಿಯೊ ಅದನ್ನು ರೇಡಿಯೊ ಅಂತಲೇ ಹಿಡಿಯುತ್ತದೆ. ಆದರೆ ಬೆಂಗಳೂರಿನಲ್ಲಿ ಖಾಲಿ ಜಾಗ ಎಲ್ಲಿದೆ ಹೇಳಿ? 91.1, 92.7, 93.5, 98.3, 101.3, 102.9, ಎಲ್ಲ ಕಡೆ ಯಾರಾದರೂ ಮಾತಾಡುತ್ತಿರುತ್ತಾರೆ. ನಡುವೆ ಎಲ್ಲೋ ಸಂದು ಹುಡುಕಿ ಕೂರಿಸಿದರೂ ಫ್ಲೈಓವರ್ ಹತ್ತಿದ ಕೂಡಲೇ ಕರಕರ. ಕುಣಿಗಲ್ ದಾಟಿದ ಮೇಲೆ ಅದೇ ಸಾಧನ ಚೆನ್ನಾಗಿ ಕೇಳಿಸುತ್ತದೆ ಅನ್ನೋದು ನಿಜ. ಹಳ್ಳಿ ಕಡೆ ಓಡಾಡುವವರಿಗೆ, ಆಕ್ಸ್ ಇಲ್ಲದ ಸ್ಟೀರಿಯೊ ಇರುವವರಿಗೆ ಇದು ಆದೀತು. ಕರೆ ಬಂದಾಗ ಮಾತ್ರ ಆಚೆಯವರಿಗೆ ನಮ್ಮ ದನಿಗಿಂತ ಇಂಜಿನ್ ದನಿಯೇ ಜಾಸ್ತಿ, ಏಕೆಂದರೆ ಅದರ ಮೈಕ್ ಕೂತಿರೋದು ಗೇರ್ ಲಿವರ್ ಹತ್ತಿರ.

ಆಕ್ಸ್ ಇದ್ದರೆ ಬ್ಲೂಟೂತ್ ರಿಸೀವರ್ ತಗೊಳ್ಳಿ. ಫೋನಿನ ಹಾಡನ್ನು ಬ್ಲೂಟೂತ್‌ನಲ್ಲಿ ತೆಗೆದುಕೊಂಡು ಆಕ್ಸ್ ಮೂಲಕ ಸ್ಟೀರಿಯೊಗೆ ಕೊಡುತ್ತದೆ. ಹೆಬ್ಬೆರಳಿನಷ್ಟು ಗಾತ್ರ, ಬೆಲೆ ಹೆಚ್ಚುಕಮ್ಮಿ ಎಫ್ಎಂ ಟ್ರಾನ್ಸ್‌ಮಿಟರ್‌ನಷ್ಟೇ, ದನಿ ಮಾತ್ರ ಅದಕ್ಕಿಂತ ತುಂಬಾ ಚೆನ್ನ. ಒಂದು ತೊಂದರೆ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ರಿಸೀವರ್‌ಗೆ ಲೈಟರ್ ಸಾಕೆಟ್‌ನಿಂದ ಕರೆಂಟು ಕೊಟ್ಟು, ಇನ್ನೊಂದು ತುದಿಯನ್ನು ಆಕ್ಸ್‌ಗೆ ಹಾಕಿದಾಗ ಸ್ಪೀಕರಿನಲ್ಲಿ ಸಣ್ಣಗೆ ಕುಂಯ್ ಅನ್ನುವ ಸದ್ದು ಶುರುವಾಗಬಹುದು, ಆಕ್ಸಿಲರೇಟರ್ ಒತ್ತಿದಂತೆ ಅದೂ ಏರುತ್ತದೆ. ರಿಸೀವರ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಒಂದೇ ಅರ್ತ್‌ಗೆ ಎರಡು ದಾರಿ ಆಗಿ, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ನ ಸದ್ದು ಆಡಿಯೊ ಒಳಗೆ ನುಸುಳುತ್ತಿರುತ್ತದೆ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಚಿಕ್ಕ ಡಬ್ಬಿ ಸಿಗುತ್ತದೆ, ಆಕ್ಸ್ ವೈರಿನ ನಡುವೆ ಸೇರಿಸಿದರೆ ಸದ್ದು ನಿಲ್ಲುತ್ತದೆ. ಬೇಸ್ ಒಂದು ಚೂರು ಕಮ್ಮಿ ಆಗಬಹುದು, ನನಗೇನೂ ಅನ್ನಿಸಲಿಲ್ಲ.

ಇದರ ಜೊತೆ ಮ್ಯಾಪ್‌ಗೆ ಒಂದು ಹೋಲ್ಡರ್ ಬೇಕೇ ಬೇಕು. ಫೋನನ್ನು ಕೈಯಲ್ಲಿ ಹಿಡಿದು ಓಡಿಸಿದರೆ ದಂಡ, ದಾರಿ ನೋಡೋಕೆ ಬಳಸುವುದಕ್ಕೆ ಮಾತ್ರ 2020ರ ಅಕ್ಟೋಬರ್‌ನಿಂದ ನಿಯಮದಲ್ಲಿ ಅವಕಾಶ ಇದೆ, ಅದೂ ಗಮನ ಕೆಡದ ಹಾಗೆ. ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದರೆ ಏಪ್ರಿಲ್ ಬಿಸಿಲಿಗೆ ಫೋನ್ ಕಾದು ಬೆಳಕು ತಾನೇ ಇಳಿಸಿಕೊಳ್ಳುತ್ತದೆ, ಚಾರ್ಜ್ ಕೂಡ ನಿಲ್ಲುತ್ತದೆ. ಎಸಿ ಗಾಳಿ ಬರುವ ಕಡೆ ಸಿಕ್ಕಿಸಿದರೆ ತಂಪಾಗಿರುತ್ತದೆ, ಆದರೆ ಹಳೇ ಕಾರಿನ ಆ ಪ್ಲಾಸ್ಟಿಕ್ ಪಟ್ಟಿಗಳು ಒಣಗಿ ಬಿರುಸಾಗಿರುತ್ತವೆ, ಭಾರದ ಫೋನಿಗೆ ಮುರಿಯಬಹುದು. ಮೊದಲೆಲ್ಲ ಆಂಡ್ರಾಯ್ಡ್ ಆಟೋ ಫೋನಿನ ಸ್ಕ್ರೀನ್ ಮೇಲೇ ಓಡುತ್ತಿತ್ತು, ದೊಡ್ಡ ಗುಂಡಿಗಳು, ಓಡಿಸುವವರಿಗೆ ಹಿತ. ಆಂಡ್ರಾಯ್ಡ್ 12ರಿಂದ ಗೂಗಲ್ ಅದನ್ನು ನಿಲ್ಲಿಸಿತು. ಅದಿದ್ದಿದ್ದರೆ ಎಷ್ಟೋ ಜನ ಮುಂದಿನ ಖರ್ಚಿಗೆ ಹೋಗುತ್ತಲೇ ಇರಲಿಲ್ಲ.

ಡ್ಯಾಶ್‌ಬೋರ್ಡ್ ಮೇಲೆ ಇಡುವ ಏಳು ಇಂಚಿನ ಕಾರ್‌ಪ್ಲೇ ಸ್ಕ್ರೀನ್‌ಗಳನ್ನೂ ಗೆಳೆಯರೊಬ್ಬರ ಕಾರಿನಲ್ಲಿ ನೋಡಿದೆ. ದನಿ ಮತ್ತೆ ಆಕ್ಸ್ ಇಲ್ಲವೇ ಎಫ್ಎಂ ಮೂಲಕವೇ ಹೋಗಬೇಕು, ಜೊತೆಗೆ ರಸ್ತೆಯ ಒಂದು ಮೂಲೆ ಮರೆಯಾಗುತ್ತದೆ. ನನಗೆ ಬೇಡ ಅನ್ನಿಸಿತು.

ಈಗ ಆಂಡ್ರಾಯ್ಡ್ ಪೆಟ್ಟಿಗೆ. ನನ್ನ ತಮ್ಮ ಅವನ ಕಾರಿಗೆ ಒಂಬತ್ತು ಇಂಚಿನದು ಹಾಕಿಸಿದ. ಅಂಗಡಿಯಲ್ಲಿ ನೋಡುವಾಗ ಎಂಥವರಿಗೂ ಬೇಕು ಅನ್ನಿಸುತ್ತದೆ: ಪ್ಲೇ ಸ್ಟೋರ್, ಯೂಟ್ಯೂಬ್, ರಿವರ್ಸ್ ಕ್ಯಾಮೆರಾ, ಎಲ್ಲ ಇದೆ. ಬಳಸುತ್ತಾ ಹೋದಾಗ ಗೊತ್ತಾಗೋದು, ಅದು ಒಂದು ಅಗ್ಗದ ಟ್ಯಾಬ್ಲೆಟ್, ಅಷ್ಟೇ. 2 ಜಿಬಿ ರ್‍ಯಾಮ್‌ನಲ್ಲಿ ಮ್ಯಾಪ್ ಮತ್ತು ಹಾಡು ಒಟ್ಟಿಗೆ ಓಡಿಸಿದರೆ ತಿರುವು ದಾಟಿದ ಮೇಲೆ ತಿರುಗಿ ಅನ್ನುತ್ತದೆ. ಇಂಟರ್ನೆಟ್‌ಗೆ ಹಾಟ್‌ಸ್ಪಾಟ್ ಹಾಕಬೇಕು. ಇಂಥವುಗಳಿಗೆ ಅಪ್‌ಡೇಟ್ ಬರೋದು ಅಪರೂಪ. ಓಡಿಸುವಾಗ ವಿಡಿಯೊ ಕಣ್ಣೆದುರೇ ಇರೋದು ಅಪಾಯ, ಇದನ್ನು ನಾನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಅದಕ್ಕಿಂತ ಬೇಸರ ತಂದಿದ್ದು ವೈರಿಂಗ್. ಸ್ಟೀರಿಯೊಗೆ ಹಳದಿ ವೈರಿನಲ್ಲಿ ಬ್ಯಾಟರಿಯ 12 ವೋಲ್ಟ್ ಯಾವಾಗಲೂ ಬರುತ್ತದೆ, ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್. ತಮ್ಮನ ಕಾರಿಗೆ ಅದನ್ನು ಕೂರಿಸಿದವರು ಕೆಂಪನ್ನೂ ಹಳದಿಯನ್ನೂ ಸೇರಿಸಿ ಟೇಪ್ ಸುತ್ತಿದ್ದರು. ಪೆಟ್ಟಿಗೆ ಪೂರ್ತಿ ಆಫ್ ಆಗುತ್ತಲೇ ಇರಲಿಲ್ಲ. ಕಾರು ಕೆಲವು ದಿನ ನಿಂತಿದ್ದಕ್ಕೆ ಬ್ಯಾಟರಿ ಸತ್ತುಹೋಯಿತು. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ಕಾರಿನ ವೈರ್ ಕತ್ತರಿಸಲು ಬಿಡಬೇಡಿ. ನಿಮ್ಮ ಮಾಡೆಲ್‌ಗೆ ಸರಿಹೊಂದುವ ಕಪ್ಲರ್ (ವೈರ್ ಕತ್ತರಿಸದೆ ಸಿಕ್ಕಿಸುವ ಜೋಡಣೆ) ಕೇಳಿ. ಅದಕ್ಕೆ ಆಗುವ ಖರ್ಚು ತೀರಾ ಕಮ್ಮಿ, ನಾಳೆ ಹಳೇ ಸ್ಟೀರಿಯೊ ವಾಪಸ್ ಹಾಕಬೇಕಾದರೂ ಐದು ನಿಮಿಷದ ಕೆಲಸ.

ನಮ್ಮ ಸ್ವಿಫ್ಟ್‌ನಲ್ಲಿ ಈಗ ಇರೋದು ಹೆಸರಿರುವ ಕಂಪನಿಯ ಡಬಲ್ ಡಿನ್ ಸ್ಟೀರಿಯೊ, ವೈರ್ ಹಾಕಿ ಬಳಸುವ ಆಂಡ್ರಾಯ್ಡ್ ಆಟೋ. ಡಬಲ್ ಡಿನ್ ಅಂದರೆ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಸಿಂಗಲ್ ಡಿನ್ ಎತ್ತರದಲ್ಲಿ ಅದರ ಅರ್ಧ. ನಮ್ಮಲ್ಲಿ ಸ್ಟೀರಿಯೊ ಕೆಳಗೆ ಟೋಲ್ ಚಿಲ್ಲರೆ ಹಾಕುವ ಗೂಡು ಇತ್ತು, ಅದನ್ನು ತೆಗೆದರೆ ಜಾಗ ಸರಿಹೋಯಿತು. ಬೆಲೆ ತಮ್ಮನ ಪೆಟ್ಟಿಗೆಗಿಂತ ದುಪ್ಪಟ್ಟಿಗೂ ಜಾಸ್ತಿ, ಸ್ಕ್ರೀನ್ ಅದಕ್ಕಿಂತ ಚಿಕ್ಕದು. ಆದರೂ ಇದೇ ಸರಿ ಅನ್ನೋಕೆ ಕಾರಣ ಇದೆ. ಮ್ಯಾಪ್ ಓಡೋದು, ಕನ್ನಡ ಹಾಡು ಹುಡುಕೋದು, ಕರೆ ಮಾಡೋದು ಎಲ್ಲ ಫೋನಿನ ಕೆಲಸ, ಡ್ಯಾಶ್‌ಬೋರ್ಡ್‌ನಲ್ಲಿರೋದು ಅದನ್ನು ತೋರಿಸುತ್ತದೆ ಅಷ್ಟೇ. ಫೋನ್ ಬದಲಾಯಿಸಿದಾಗ ಕಾರಿನಲ್ಲೂ ಎಲ್ಲ ಚುರುಕಾಗುತ್ತದೆ. ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋದಾಗ, ಫೋನಿನಲ್ಲಿ ಮೊದಲೇ ಇಳಿಸಿಟ್ಟ ಮ್ಯಾಪ್ ಕಾರಿನ ಸ್ಕ್ರೀನ್ ಮೇಲೆ ಹಾಗೇ ಓಡಿತು. ಬೇರೆ ಮೈಕನ್ನು ಸ್ಟೀರಿಂಗ್ ಪಕ್ಕದ ಕಂಬದ ಮೇಲೆ, ಮುಖದ ಹತ್ತಿರ ಕೂರಿಸಿದ್ದರಿಂದ ಅಮ್ಮನಿಗೆ ಫೋನಿನಲ್ಲಿ ಏನಂದೆ, ಏನಂದೆ ಅಂತ ಕೇಳುವ ಕಷ್ಟ ತಪ್ಪಿತು.

ವೈರ್ ಮಾತ್ರ ಒಳ್ಳೆಯದು ಬೇಕು, ಗಿಡ್ಡದು ಬೇಕು. ಬರೀ ಚಾರ್ಜ್ ಮಾಡುವ ವೈರ್ ನಡೆಯುವುದಿಲ್ಲ, ಸವೆದದ್ದು ಹಾಕಿದರೆ ಹಂಪ್ ಹಾರಿದಾಗಲೆಲ್ಲ ಮ್ಯಾಪ್ ಮಾಯ. ವೈರ್ ಇಲ್ಲದೆ ಓಡಿಸುವ ಡಾಂಗಲ್ ಕೂಡ ಹಾಕಿ ನೋಡಿದೆ. ಪೇಟೆಗೆ ಹೋಗಿಬರುವಂಥ ಸಣ್ಣ ಓಡಾಟಕ್ಕೆ ಆರಾಮ, ದೂರದ ದಾರಿಯಲ್ಲಿ ಫೋನ್ ಬಿಸಿಯಾಗುತ್ತದೆ, ಚಾರ್ಜ್‌ಗೆ ಹೇಗೂ ವೈರ್ ಬೇಕು.

ಆದರೆ ನಮ್ಮ ಮಾವನವರಿಗೆ ನಾನು ಇದನ್ನು ಹೇಳಲಿಲ್ಲ. ಅವರು ಓಡಾಡೋದು ಮಂಡ್ಯ ಮತ್ತು ಊರಿನ ನಡುವೆ, ದಾರಿ ಅವರಿಗೆ ಬಾಯಿಪಾಠ. ಬೇಕಿದ್ದದ್ದು ಬೆಳಗ್ಗೆ ಆಕಾಶವಾಣಿ, ಆಮೇಲೆ ಫೋನಿನಿಂದ ಹಳೇ ಹಾಡು, ಕರೆ ಬಂದರೆ ಒಂದು ಗುಂಡಿ. ಅವರಿಗೆ ಬ್ಲೂಟೂತ್ ಇರುವ ಸಿಂಗಲ್ ಡಿನ್ ಸ್ಟೀರಿಯೊ ಹಾಕಿಸಿದೆವು, ದನಿ ಏರಿಸಲು ತಿರುಗಿಸುವ ಗುಂಡಿ ಇರುವಂಥದ್ದು. ರಸ್ತೆಯಿಂದ ಕಣ್ಣು ತೆಗೆಯದೆ ಕೈಗೆ ಸಿಗುತ್ತದೆ, ಆ ಒಂದು ವಿಷಯದಲ್ಲಿ ಅದು ನಮ್ಮ ಸ್ಕ್ರೀನ್‌ಗಿಂತ ಮೇಲು.