ಬೆಂಕಿಪೊಟ್ಟಣದ ಬೀರು, ಜೀನ್ಸ್ ಸೋಫಾ: ಗೊಂಬೆ ಹಬ್ಬದ ಕ್ಲಾಸ್ ಹೇಗಿತ್ತು?

ದಸರಾ ಗೊಂಬೆ ಕೂರಿಸುವ ಮುಂಚೆ ಮೈಸೂರಿನಲ್ಲಿ ನಮ್ಮ ಬಡಾವಣೆಯವರೊಬ್ಬರು ಮನೆಯಲ್ಲೇ ನಡೆಸುವ, ಗೊಂಬೆಗಳಿಗೆ ಪುಟ್ಟ ಬೀರು, ಸೋಫಾ ಮಾಡೋದು ಕಲಿಸುವ ಅರ್ಧ ದಿನದ ಕ್ಲಾಸ್‌ಗೆ ಮಗಳ ಜೊತೆ ಹೋಗಿದ್ದೆ. ತುಂಬಾ ಇಷ್ಟವಾಯ್ತು. ಹಳೇ ಬಟ್ಟೆ, ರಟ್ಟು, ಗುಂಡಿ ಎಲ್ಲಾ ಮನೆಯಿಂದಲೇ ತರಬೇಕು. ಮೂರು ಖಾಲಿ ಬೆಂಕಿಪೊಟ್ಟಣ ಒಂದರ ಮೇಲೊಂದು ಅಂಟಿಸಿ, ಸುತ್ತಲೂ ಅಮ್ಮನ ಹರಿದ ರೇಷ್ಮೆ ಸೀರೆಯ ಅಂಚು ಸುತ್ತಿ, ಪ್ರತಿ ಖಾನೆಗೂ ಒಂದೊಂದು ಮಣಿ ಹೊಲಿದರೆ ಚನ್ನಪಟ್ಟಣದ ಪುಟ್ಟ ಗೊಂಬೆಗೆ ಬೀರು ರೆಡಿ, ಎಳೆದರೆ ನಿಜವಾಗಿಯೂ ತೆರೆಯುತ್ತದೆ! ಸೋಫಾಗೆ ಜೀನ್ಸ್ ತುಂಡು, ಒಳಗೆ ಸ್ಪಂಜು. ಒಂದೇ ಬೇಜಾರು, ಅಂಟು ಒಣಗೋಕೆ ಸಮಯ ಕೊಡಲಿಲ್ಲ, ನಮ್ಮ ಸೋಫಾದ ಕೈ ಆಟೋದಲ್ಲೇ ಕಿತ್ತು ಬಂತು. ಮನೆಯಲ್ಲಿ ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಟ್ಟ ಮೇಲೆ ಗಟ್ಟಿಯಾಯ್ತು. ರೇಷ್ಮೆಗೆ ಅಂಟು ತೆಳ್ಳಗೆ ಹಚ್ಚಿ, ಜಾಸ್ತಿಯಾದರೆ ಕಲೆ ಎದ್ದು ಕಾಣುತ್ತದೆ. ಮುಂದಿನ ವರ್ಷವೂ ಖಂಡಿತ ಹೋಗುತ್ತೇವೆ.