‘ಗಿಣ್ಣು ಕುಡಿಸಿದೀವಿ’ ಅನ್ನೋ ಮಾತನ್ನು ನಂಬಿ ಎಳೆಗರು ಕೊಳ್ಳಬೇಡಿ

ಹುಟ್ಟಿ ವಾರವೂ ಆಗದ ಕರುಗಳನ್ನು ದಲ್ಲಾಳಿ ಕೈಯಿಂದ ಕೊಳ್ಳುವವರು ಇದನ್ನು ಓದಿ. ನಮಗೆ ಮಾರಿದವರು ‘ಎಲ್ಲಕ್ಕೂ ಹೊಟ್ಟೆ ತುಂಬ ಗಿಣ್ಣು ಕುಡಿಸಿದೀವಿ’ ಎಂದು ಎದೆ ತಟ್ಟಿಕೊಂಡು ಹೇಳಿದ್ದರು. ತಂದ ಸ್ವಲ್ಪ ದಿನಕ್ಕೇ ಭೇದಿ ಹತ್ತಿತು. ತಂದ ಕರುಗಳು ಸತ್ತವು. ಸಾಲದ್ದಕ್ಕೆ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದವಕ್ಕೂ ಅಂಟಿತು.

ಪಶುವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಪ್ರೋಟೀನ್ ತೀರಾ ಕಮ್ಮಿ ಇತ್ತು. ಭೇದಿಯಾಗಿ ಮೈಯ ನೀರು ಬತ್ತಿದಾಗ ಅದು ಇರುವುದಕ್ಕಿಂತ ಜಾಸ್ತಿಯೇ ಕಾಣಬೇಕು. ಆದರೂ ಕಮ್ಮಿ ಅಂದರೆ ಗಿಣ್ಣು ಸಿಕ್ಕೇ ಇಲ್ಲ, ಇಲ್ಲವೇ ಹೊತ್ತು ಮೀರಿ ಸಿಕ್ಕಿದೆ ಎಂದರು. ಹಸುವಿನ ಹೊಟ್ಟೆಯಲ್ಲಿರುವಾಗ ರೋಗ ತಡೆಯುವ ಶಕ್ತಿ ತಾಯಿಯಿಂದ ಕರುವಿಗೆ ದಾಟುವುದಿಲ್ಲ. ಅದು ಗಿಣ್ಣಿನಿಂದಲೇ ಬರಬೇಕು. ಆ ಶಕ್ತಿಯನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದನ್ನು ಕರುಳು ಗಂಟೆ ಗಂಟೆಗೂ ಕಮ್ಮಿ ಮಾಡುತ್ತಾ ಹೋಗುತ್ತದೆ, 24 ಗಂಟೆ ದಾಟಿದರೆ ಮುಗೀತು. 40 ಕೆಜಿ ಕರುವಿಗೆ ಸುಮಾರು 4 ಲೀಟರ್ ಬೇಕು, ಅದೂ ಹುಟ್ಟಿದ ಎರಡು ಗಂಟೆಯೊಳಗೆ ಶುರುವಾಗಬೇಕು. ಮೂರನೇ ದಿನ ಬಕೆಟ್‌ಗಟ್ಟಲೆ ಸುರಿದರೂ ಆ ನಷ್ಟ ತುಂಬುವುದಿಲ್ಲ.

ಹೊಕ್ಕಳನ್ನೂ ಬಗ್ಗಿ ನೋಡಿ. ಒಣಗಿದ ದಾರದ ಹಾಗೆ ಇರಬೇಕು. ನಮಗೆ ಬಂದ ಒಂದು ಕರುವಿನದು ಹೆಬ್ಬೆರಳು ದಪ್ಪ ಊದಿತ್ತು, ಬಿಸಿಯಾಗಿತ್ತು. ಮುಟ್ಟಿದರೆ ಸಾಕು, ಬೆನ್ನು ಬಾಗಿಸಿ ಒದೆಯುತ್ತಿತ್ತು. ಹಿಂಡಿದರೆ ಕೆಟ್ಟ ವಾಸನೆಯ ಕೀವು. ಹುಟ್ಟಿದ ತಕ್ಷಣ ಹೊಕ್ಕಳನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ, ಒಣ ಹುಲ್ಲಿನ ಮೇಲೆ ಮಲಗಿಸಿದ್ದರೆ ಇಷ್ಟಾಗುವುದು ಅಪರೂಪ. ಈ ನಂಜು ಕೀಲುಗಳಿಗೂ ಇಳಿಯುತ್ತದೆ.

ಭೇದಿ ಅಂತ ಫೋನ್ ಮಾಡಿದರೆ ಆ ದಲ್ಲಾಳಿ ಕೊಟ್ಟ ಸಲಹೆ ಇನ್ನೂ ಅಪಾಯದ್ದು. ‘ಹಾಲು ನಿಲ್ಲಿಸಿ, ಆಂಟಿಬಯೋಟಿಕ್ ಹಾಕಿ’ ಅಂತೆ! ಎಳೆಗರುವಿನ ಭೇದಿ ಎಷ್ಟೋ ಸಲ ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಕರು ಸಾಯುವುದು ಹೆಚ್ಚಾಗಿ ನೀರು, ಉಪ್ಪು ಹರಿದುಹೋಗಿ. ಹಾಲು ಕೊಡುತ್ತಲೇ ಇರಬೇಕು, ನಡುನಡುವೆ ಕರುವಿಗೆಂದೇ ಬರುವ ಓಆರ್‌ಎಸ್ ಕುಡಿಸಬೇಕು. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಮಟ್ಟಸವಾಗಬೇಕು. ಹಾಗೇ ನಿಂತಿತು, ಕಣ್ಣು ಗುಳಿ ಬಿದ್ದಿತು, ಬಾಯಿಗೆ ಬೆರಳಿಟ್ಟರೆ ಚೀಪುತ್ತಿಲ್ಲ, ಬಾಯಿ ತಣ್ಣಗಿದೆ ಅಂದರೆ ಡ್ರಿಪ್ ಬೇಕು, ಆಗಲೇ ವೈದ್ಯರನ್ನು ಕರೆಸಿ. ಬಾಯಿ ಹಿಡಿದು ಸುಮ್ನೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಕೊಳ್ಳಲೇಬೇಕು ಅಂದರೆ ಒಂದು ವಾರ ತುಂಬುವುದರೊಳಗೆ ರಕ್ತದ ಪ್ರೋಟೀನ್ ಪರೀಕ್ಷೆ ಮಾಡಿಸಿ, ಆಮೇಲೆ ದುಡ್ಡು ಕೊಡಿ. ಈ ಮಾತಿಗೆ ಮುಖ ಗಂಟಿಕ್ಕುವವರ ಸಹವಾಸವೇ ಬೇಡ. ಹೊಸ ಕರುಗಳನ್ನು ದೂರ ಕಟ್ಟಿ. ಮೊದಲು ಮನೆಯ ಕರುಗಳಿಗೆ ಹಾಲು, ಆಮೇಲೆ ಹೊಸದಕ್ಕೆ, ಕೊನೆಗೆ ಕಾಯಿಲೆಯದಕ್ಕೆ. ಬಾಟಲಿ, ಬಕೆಟ್, ಬೂಟು ಬೇರೆಯೇ ಇರಲಿ. ಮಕ್ಕಳನ್ನು ಭೇದಿಯ ಕರುಗಳ ಹತ್ತಿರ ಬಿಡಬೇಡಿ, ಕೈಯನ್ನು ಸೋಪು ಹಾಕಿ ತೊಳೆಯಿರಿ. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಕರುವಿನಿಂದ ಮನುಷ್ಯರಿಗೂ ಬರುತ್ತದೆ.